ಹರ್ಟ್ಸ್ ನೋಡುವವರು ಯಾರು?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಜನರೇಟರ್ ರಿಪೇರಿ ಮಾಡಿಕೊಂಡಿರುವವನು ನಾನು. ಹೋದ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿರಲಿಲ್ಲ. ಲಸಿಕೆಯ ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ಒಂದು ಆರೋಗ್ಯ ಕೇಂದ್ರದವರು ಕರೆದರು. ಜನರೇಟರೇನೋ ಓಡುತ್ತಿತ್ತು, ವೋಲ್ಟ್ ಮೀಟರ್ 220 ತೋರಿಸುತ್ತಿತ್ತು. ಕಂಪ್ರೆಸರ್ ಮಾತ್ರ ಮುಟ್ಟಲಾಗದಷ್ಟು ಬಿಸಿ. ನನ್ನ ಮೀಟರನ್ನು ಹರ್ಟ್ಸಿಗೆ ತಿರುಗಿಸಿದೆ: 46. ಸದ್ದು ತಗ್ಗಲಿ, ಪೆಟ್ರೋಲ್ ಉಳಿಯಲಿ ಎಂದು ಯಾರೋ ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರಿನ ಸ್ಕ್ರೂ ಸಡಿಲಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅವರನ್ನು ದೂರಲಾರೆ.

ಇಂಥ ಪುಟ್ಟ ಜನರೇಟರ್‌ಗಳಲ್ಲಿ ಹೆಚ್ಚಿನವು ಎರಡು ಪೋಲಿನವು. ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತಿದರೇನೇ ನಮ್ಮ ದೇಶದ 50 ಹರ್ಟ್ಸ್ ಸಿಗುವುದು. ವೇಗ ತುಸು ಇಳಿದರೂ ಜನರೇಟರಿನೊಳಗಿನ ವೋಲ್ಟೇಜ್ ನಿಯಂತ್ರಕ (ಎವಿಆರ್) ವೋಲ್ಟೇಜನ್ನು ಎತ್ತಿ ಹಿಡಿದಿರುತ್ತದೆ. ನಾವು ಮೋಸ ಹೋಗುವುದು ಅಲ್ಲೇ. ವೋಲ್ಟೇಜ್ ಇಳಿಯದೆ ಹರ್ಟ್ಸ್ ಮಾತ್ರ ಇಳಿದರೆ ಮೋಟಾರು, ಸ್ಟೆಬಿಲೈಸರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತವೆ, ಕೊನೆಗೆ ಸುಟ್ಟುಹೋಗಲೂಬಹುದು. (ಇನ್ವರ್ಟರ್ ಜನರೇಟರಿಗೆ ಈ ಮಾತು ಅನ್ವಯಿಸದು.)

ಖಾಲಿ ಓಡುವಾಗ ಸರಿಯಾಗಿ 50ಕ್ಕೆ ನಿಲ್ಲಿಸುವುದೂ ತಪ್ಪು. ಲೋಡ್ ಬಿದ್ದೊಡನೆ ಎಂಜಿನ್ ಜಗ್ಗುತ್ತದೆ. ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ, ಲೋಡ್ ತೆಗೆದು 52ರ ಹತ್ತಿರಕ್ಕೆ ತಂದುಕೊಳ್ಳಬೇಕು. ಆಮೇಲೆ ಫ್ರಿಜ್ಜು, ದೀಪ ಎಲ್ಲ ಹಾಕಿ 50ರ ಆಸುಪಾಸಿನಲ್ಲಿ ನಿಂತಿತೇ ನೋಡಬೇಕು. ಎಂಜಿನ್ ಗುಂಯ್ ಗುಂಯ್ ಎಂದು ಏರಿಳಿಯುತ್ತಿದ್ದರೆ ಸ್ಕ್ರೂ ಮುಟ್ಟಲೇಬಾರದು. ಹೆಚ್ಚಿನ ಸಲ ಅದು ಕಾರ್ಬ್ಯುರೇಟರ್ ಜೆಟ್ಟಿನ ಕಸ.

ಲಸಿಕೆ 2ರಿಂದ 8 ಡಿಗ್ರಿಯೊಳಗಿದೆಯೇ ಎಂದು ಸಿಸ್ಟರ್‌ಗಳು ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಮಳೆ ಸುರಿಯುವ ಊರಲ್ಲಿ ಅವರ ಆ ಶ್ರದ್ಧೆಯನ್ನು ಕಣ್ಣಾರೆ ಕಂಡಿದ್ದೇನೆ. ಆ ಪುಸ್ತಕದಲ್ಲೇ ಇನ್ನೊಂದು ಕಾಲಂ ಹಾಕಿಸಿ: ಜನರೇಟರ್ ಓಡಿದ ದಿನ ಹರ್ಟ್ಸ್ ಎಷ್ಟಿತ್ತು? ಅದಕ್ಕೆ ಪ್ರತಿ ಕೇಂದ್ರಕ್ಕೂ ಪ್ಲಗ್ಗಿಗೆ ಸಿಕ್ಕಿಸುವ ಒಂದು ಮೀಟರ್ ಕೊಡಿಸಿ. ಸ್ಕ್ರೂ ತಿರುಗಿಸುವ ಕೆಲಸ ಗೊತ್ತಿದ್ದವರಿಗೇ ಇರಲಿ ಎಂದು ಆದೇಶ ಮಾಡಿ.

ನೀವು ಒಪ್ಪಿದರೆ ನಮ್ಮ ತಾಲ್ಲೂಕಿನ ಕೇಂದ್ರಗಳ ಜನರೇಟರ್‌ಗಳನ್ನು ಮಳೆ ಹಿಡಿಯುವ ಮೊದಲೇ ನಾನು ಸರಿಮಾಡಿಕೊಡುತ್ತೇನೆ. ಕೂಲಿ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜನರೇಟರ್ ಮೆಕ್ಯಾನಿಕ್