ಹೆಸರು ಒಂದೇ, ಗುರುತು ಬೇರೆ

ಹೋದ ತಿಂಗಳು ನಮ್ಮ ಮನೆಯ ಕಂಪ್ಯೂಟರ್ ಹಟ ಹಿಡಿದು ಕೂತಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ಚುಕ್ಕೆಗಳು ಗಿರಗಿರ ತಿರುಗುತ್ತವೆ, ಅಷ್ಟೆ. ರಿಪೇರಿಗೆ ಒಯ್ದೆ. ವಿಂಡೋಸ್ ಹೊಸದಾಗಿ ಹಾಕಬೇಕು ಎಂದರು. "ಹಾಕಿ" ಎಂದೆ. ಒಳಗೆ ಏನೇನಿದೆ ಎಂದು ಅವರಿಗೆ ಹೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಮನೆಗೆ ತಂದು ನೋಡಿದರೆ ಎಲ್ಲ ಖಾಲಿ ಖಾಲಿ. ಹಾಡುಗಳ ಫೋಲ್ಡರ್ ಕಾಣಲಿಲ್ಲ. ನನ್ನಾಕೆ ತೀರಿಕೊಳ್ಳುವ ಹಿಂದಿನ ವರ್ಷ ಹೇಳಿದ 32 ಹಸೆ ಹಾಡುಗಳು ಅದರಲ್ಲಿದ್ದವು. ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಆ ಫೋನು ಕೆಟ್ಟು ಎಷ್ಟೋ ಕಾಲವಾಗಿತ್ತು. ಐದು ದಿನ ಯಾರಿಗೂ ಹೇಳದೆ ಸುಮ್ಮನಿದ್ದೆ.

ಆರನೆಯ ದಿನ ಮೊಮ್ಮಗಳು ಬಂದಳು. ಎಂಟನೆಯ ತರಗತಿಯವಳು. ನನ್ನ ಮುಖ ನೋಡಿಯೇ ವಿಷಯ ಹೊರಡಿಸಿದಳು.

"ಅಂಗಡಿಯವರು ಡಿಸ್ಕ್ ಫಾರ್ಮ್ಯಾಟ್ ಮಾಡಿರದಿದ್ದರೆ ಹಳೆಯದೆಲ್ಲ ಒಂದು ಕಡೆ ಇರುತ್ತೆ ಅಜ್ಜ" ಎನ್ನುತ್ತಾ ಸಿ ಡ್ರೈವ್ ತೆರೆದಳು. ಅಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್. ಅದರೊಳಗೆ 'ಯೂಸರ್ಸ್', ಅದರೊಳಗೆ ನನ್ನ ಹೆಸರು! ಆಸೆಯಿಂದ ಒತ್ತಿದೆ. ನಿಮಗೆ ಅನುಮತಿ ಇಲ್ಲ ಎಂದಿತು.

"ನನ್ನ ಹೆಸರಿನ ಫೋಲ್ಡರು, ನನಗೇ ಅನುಮತಿ ಇಲ್ಲವೇನೆ?"

"ನಮ್ಮ ಕ್ಲಾಸಿನಲ್ಲಿ ಇಬ್ಬರು ಅನನ್ಯಾ ಇದ್ದಾರೆ ಅಜ್ಜ. ಟೀಚರ್ ರೋಲ್ ನಂಬರ್ ಕೂಗ್ತಾರೆ. ಇದೂ ಹಾಗೇ."

ಎಷ್ಟು ಸರಿಯಾಗಿ ಹೇಳಿದಳು! ವಿಂಡೋಸ್ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ. ಪ್ರತಿ ಖಾತೆಗೂ ಅದು ಕೊಡುವ ಒಂದು ಉದ್ದನೆಯ ಸಂಖ್ಯೆಯಿಂದ. ಹೊಸದಾಗಿ ಖಾತೆ ತೆರೆದಾಗ ಹೆಸರು ಹಳೆಯದೇ ಇಟ್ಟರೂ ಸಂಖ್ಯೆ ಹೊಸದು. ಹಳೆಯ ಫೋಲ್ಡರಿನ ಪಾಲಿಗೆ ನಾನು ಯಾರೋ ಅಪರಿಚಿತ.

ಸಂದೇಶದ ಕೆಳಗೆ 'ಕಂಟಿನ್ಯೂ' ಎಂದಿತ್ತು. ಎಷ್ಟೋ ಸಲ ಅದನ್ನು ಒತ್ತಿದರೇ ಸಾಕಂತೆ. ನಮಗೆ ಸಾಲಲಿಲ್ಲ. ಆಗ ಅವಳು ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂದು ಒಂದೊಂದೇ ಬಾಗಿಲು ದಾಟಿದಳು. ಮೇಲೆ 'ಓನರ್' ಎಂದಿತ್ತು. ಪಕ್ಕದ 'ಚೇಂಜ್' ಒತ್ತಿ ನನ್ನ ಹೊಸ ಖಾತೆಯ ಹೆಸರು ಬರೆದಳು. ಒಳಗಿನ ಫೋಲ್ಡರುಗಳ ಒಡೆತನವೂ ಬದಲಾಗಲಿ ಎಂಬ ಚೌಕಕ್ಕೆ ಟಿಕ್ ಹಾಕಿದಳು. ಎಲ್ಲ ಮುಚ್ಚಿ ಮತ್ತೆ ತೆರೆದು 'ಕಂಟಿನ್ಯೂ' ಒತ್ತಿದಾಗ ಫೋಲ್ಡರ್ ತೆರೆಯಿತು. ನನ್ನದು ಅಡ್ಮಿನಿಸ್ಟ್ರೇಟರ್ ಖಾತೆಯಾದ್ದರಿಂದ ಇದು ಸಾಧ್ಯವಾಯಿತು.

ಮೊದಲ ಹಾಡು ಹಚ್ಚಿದೆವು. ನಡುವೆ ಕೆಮ್ಮು ಬಂದು, "ಮತ್ತೆ ಮೊದಲಿಂದ ಹೇಳಲೇನೇ?" ಎಂದು ಅವಳಜ್ಜಿ ಕೇಳಿದ್ದೂ ಅದರಲ್ಲಿತ್ತು. ನಾವಿಬ್ಬರೂ ಒಂದೇ ಸಲ "ಹೂಂ" ಎಂದೆವು.

ಮಕ್ಕಳೇ, ಈ ಕೆಲಸವನ್ನು ನಿಮ್ಮ ಮನೆಯವರ ಕಡತಗಳಿಗೆ ಮಾತ್ರ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ವಿಂಡೋಸಿನ ಸ್ವಂತ ಫೋಲ್ಡರುಗಳ ಒಡೆತನ ಬದಲಿಸಲು ಹೋಗಬೇಡಿ. ಕಡತಗಳನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೆ ಒಡೆತನ ಬದಲಿಸಿದರೂ ತೆರೆಯುವುದಿಲ್ಲ; ಅದಕ್ಕೆ ಹಳೆಯ ಕೀಲಿಯೇ ಬೇಕು.

ಅಜ್ಜ-ಅಜ್ಜಿಯರೇ, ನನ್ನಂತೆ ಸುಮ್ಮನೆ ಕೂರಬೇಡಿ. ಆ ಹಳೆಯ ಫೋಲ್ಡರನ್ನು ವಿಂಡೋಸ್ ಸಾಮಾನ್ಯವಾಗಿ 10 ದಿನವಾದ ಮೇಲೆ ತಾನೇ ಅಳಿಸಿಬಿಡುತ್ತದೆ. ನಾನು ಐದು ದಿನ ಮೌನದಲ್ಲೇ ಕಳೆದಿದ್ದೆ!

ಈಗ ಹಾಡುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ನನ್ನ ಬೀರುವಿನಲ್ಲಿದೆ, ಇನ್ನೊಂದು ಮೊಮ್ಮಗಳ ಮನೆಯಲ್ಲಿ. ನಿಮ್ಮ ಮನೆಯಲ್ಲಿ ಒಂದೇ ಒಂದು ಕಡೆ ಇರುವುದು ಯಾವುದು? ಈ ಭಾನುವಾರ ಇಬ್ಬರೂ ಕೂತು ಹುಡುಕಿ, ಇನ್ನೊಂದು ಪ್ರತಿ ಮಾಡಿ. ಮುಂದಿನ ವಾರ ಸಿಗೋಣ.