ಒತ್ತಕ್ಷರಕ್ಕೆ ತಡವರಿಸುವ ಹತ್ತನೇ ತರಗತಿ

2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮರುವರ್ಷ ಆ ಏರಿಕೆಯನ್ನು ಕೈಬಿಟ್ಟರು. ಆಮೇಲೆ ತೇರ್ಗಡೆಯ ಗೆರೆಯೇ ಇಳಿಯಿತು: 625ಕ್ಕೆ 206 ಅಂಕ, ವಿಷಯವೊಂದಕ್ಕೆ ಕನಿಷ್ಠ ಶೇ 30. ಇಷ್ಟೆಲ್ಲ ಏರಿಳಿತವಾದರೂ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನ ಒಂದು ಮಗುವಿಗೂ ಇದರಿಂದ ಒತ್ತಕ್ಷರ ಬರುವುದಿಲ್ಲ.

ಎಡವಟ್ಟಾಗುವುದು ಹತ್ತರಲ್ಲಲ್ಲ, ನಾಲ್ಕರಲ್ಲಿ. 1995ರಲ್ಲಿ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಕಲಿಕಾ ಪದ್ಧತಿ ಇದನ್ನು ಚೆನ್ನಾಗಿ ಅರಿತಿತ್ತು. ಅಕ್ಷರಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಕಲಿಸಿದರೆ ಮಗು ಬೇಗನೆ ಸರ, ಅರಸ, ಗರಗಸ ಓದುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಗತಿಯಲ್ಲಿ ಏರುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂಬುದು ಶಿಕ್ಷಕರಿಗೆ ಆಯಾ ದಿನವೇ ಗೊತ್ತು. ಆದರೆ ಮೂರನೇ ತರಗತಿಗೆ ಏಣಿ ಮುಗಿಯುತ್ತದೆ. ಅರ್ಧದಲ್ಲಿದ್ದ ಮಗುವಿನ ಕೈಗೂ ನಾಲ್ಕನೆಯದರ ಪುಸ್ತಕ ಬರುತ್ತದೆ. ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನದನ್ನು ಮರೆತಿರುತ್ತದೆ. ಕೂಡುವುದು, ಕಳೆಯುವುದು ಬಂದರೂ ಲೆಕ್ಕದ ಪ್ರಶ್ನೆ ಅರ್ಥವಾಗದೆ ಗಣಿತದಲ್ಲೂ ಹಿಂದೆ ಬೀಳುತ್ತದೆ.

ಐದು, ಎಂಟು, ಒಂಬತ್ತನೇ ತರಗತಿಗೆ ಮಂಡಳಿ ಪರೀಕ್ಷೆ ತಂದದ್ದು ಈ ಕೊರತೆ ತುಂಬಲೆಂದೇ ಇರಬಹುದು. ಅದು ನ್ಯಾಯಾಲಯ ಹತ್ತಿತು; 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ತಡೆ ಬಾರದಿದ್ದರೂ, ಮಾರ್ಚ್‌ನಲ್ಲಿ ಬರೆಸುವ ಪರೀಕ್ಷೆಯಿಂದ ಆ ವರ್ಷದ ಪಾಠ ತಿದ್ದಲಾಗದು.

ವ್ಯಾಕರಣದ ಕಥೆ ಇನ್ನೂ ಬೇಸರದ್ದು. ಈ ಸೀಮೆಯ ಮನೆಮಾತಿನಲ್ಲಿ ಹಾಲು ‘ಆಲು’, ಬರುತ್ತೇನೆ ‘ಬತ್ತೀನಿ’. ಪಕ್ಕದ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದೇ ಮಾತು ಉಕ್ತಲೇಖನದಲ್ಲಿ ಬಂದರೆ ಕೆಂಪು ಗೀಟು! ಹಾಗೆಂದು ವ್ಯಾಕರಣವೇ ಬೇಡವೆನ್ನುವವರ ಜೊತೆ ನಾನಿಲ್ಲ. ಅರ್ಜಿ ಬರೆಯಲು, ಕೆಲಸ ಹುಡುಕಲು ಬರಹದ ಕನ್ನಡ ಬೇಕೇ ಬೇಕು. ಅದು ಮನೆಯಲ್ಲಿ ಸಿಗದ ಮಗುವಿಗೆ ಶಾಲೆಯೇ ಗತಿ. ಮನೆಯ ವಾಕ್ಯ, ಪುಸ್ತಕದ ವಾಕ್ಯ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಗುವಿಗೆ ನಾಚಿಕೆಯಿಲ್ಲದೆ ವ್ಯಾಕರಣ ತಿಳಿಯುತ್ತದೆ. ನಾವೋ ಸಂಧಿ, ಸಮಾಸಗಳ ಹೆಸರು ಗುರುತಿಸಲು ನಾಲ್ಕು ಆಯ್ಕೆ ಕೊಟ್ಟು ಅಂಕ ಹಂಚುತ್ತೇವೆ. ಸ್ವಂತವಾಗಿ ಐದು ವಾಕ್ಯ ಬರೆಯಲಾಗದವರಿಗೂ ಆ ಅಂಕ ದಕ್ಕುತ್ತದೆ.

ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ಜೂನ್‌ನ ಸೇತುಬಂಧದಲ್ಲಿ ಪೂರ್ವ ಪರೀಕ್ಷೆ ಈಗಾಗಲೇ ಇದೆ. ನಾಲ್ಕನೇ ತರಗತಿಯಲ್ಲಿ ಅದನ್ನು ಕೆಲವು ದಿನಗಳಿಗೆ ಮುಗಿಸದೆ, ಪ್ರತಿ ಮಗುವಿನಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ, ಮೂರು ವಾಕ್ಯ ಬರೆಸಿ, ಹಿಂದುಳಿದವರಿಗೆ ಓದು ಕೈಹತ್ತುವವರೆಗೂ ನಲಿಕಲಿಯ ಏಣಿಯನ್ನೇ ಮುಂದುವರಿಸಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಗಳಿಗೆ ಇದಕ್ಕೆಂದೇ ಇನ್ನೊಬ್ಬರನ್ನು ಕೊಡಬೇಕು. ಈ ಪೂರ್ವ ಪರೀಕ್ಷೆಯ ಫಲಿತಾಂಶ ಜಿಲ್ಲೆಯ ಶ್ರೇಯಾಂಕಕ್ಕೆ ಹೋಗದೆ ಆ ಶಿಕ್ಷಕರ ಮೇಜಿನ ಮೇಲೆಯೇ ಉಳಿಯಲಿ. ಇಲ್ಲವಾದರೆ ಅಲ್ಲೂ ಅಂಕ ತಿದ್ದುವ ಒತ್ತಡ ಶುರುವಾಗುತ್ತದೆ.