ಟೀಶರ್ಟ್ ಮೇಲಿರುವುದು ಅರ್ಧ ಸ್ನೂಪಿ

ಬಿಳಿ ಮೈ, ಕಪ್ಪು ಕಿವಿ, ದಪ್ಪ ಮೂತಿ, ಮುಖದ ತುಂಬ ನೆಮ್ಮದಿ. ಮಾಲ್‌ನ ಟೀಶರ್ಟ್ ರಾಶಿಯಲ್ಲಿ, ಮೊಬೈಲ್ ಕವರ್ ಮೇಲೆ, ಕಾಫಿ ಮಗ್ ಮೇಲೆ, ವಾಟ್ಸ್ಆ್ಯಪ್ ಸ್ಟಿಕರ್‌ನಲ್ಲಿ ನೀವು ಅವನನ್ನು ನೋಡಿಯೇ ಇರುತ್ತೀರಿ. ಹೆಸರು ಸ್ನೂಪಿ. ನಾಯಿಯನ್ನು 'ಅದು' ಅನ್ನಬೇಕು ಅಂತ ವ್ಯಾಕರಣ ಹೇಳುತ್ತದೆ. ಟೈಪ್‌ರೈಟರ್ ಮುಂದೆ ಕೂತು ಕಾದಂಬರಿ ಬರೆಯುವ ನಾಯಿಗೆ 'ಅದು' ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಹಾಗಾಗಿ 'ಅವನು' ಎಂದೇ ಬರೆಯುತ್ತೇನೆ.

ನನ್ನ ವಯಸ್ಸಿನವರಲ್ಲಿ ಸ್ನೂಪಿ ಟೀಶರ್ಟ್ ಹಾಕಿದ ಹತ್ತು ಜನರನ್ನು ಕೇಳಿ ನೋಡಿ. ಅವನು ಯಾವ ಕಾಮಿಕ್ಸ್‌ನವನು, ಅವನ ಯಜಮಾನ ಯಾರು ಅಂತ ಹೇಳುವವರು ಒಬ್ಬರೋ ಇಬ್ಬರೋ ಸಿಕ್ಕಾರು. ಅದೇನೂ ಅಪರಾಧವಲ್ಲ ಬಿಡಿ. ಟೀಶರ್ಟ್ ಕೊಳ್ಳಲು ಯಾರೂ ಪರೀಕ್ಷೆ ಬರೆಯಬೇಕಿಲ್ಲ. ನನ್ನ ತಕರಾರು ಬೇರೆ. ಎಪ್ಪತ್ತೈದು ವರ್ಷ ದಾಟಿದ ಈ ನಾಯಿಯ ಕಥೆಯಲ್ಲಿ ನಮ್ಮ ಕಾಲಕ್ಕೆ ಅತ್ಯಂತ ಬೇಕಾದ ಭಾಗ ಯಾವುದಿದೆಯೋ, ಅದನ್ನೇ ಒರೆಸಿ ಹಾಕಿ ಉಳಿದದ್ದನ್ನು ನಮಗೆ ಮಾರುತ್ತಿದ್ದಾರೆ ಅನ್ನುವುದು.

ಮೊದಲಿನಿಂದ ಹೇಳುತ್ತೇನೆ. ಅಮೆರಿಕದ ಮಿನೆಸೋಟದಲ್ಲಿ ಬೆಳೆದ ಚಾರ್ಲ್ಸ್ ಶುಲ್ಜ್ ಎಂಬ ಹುಡುಗನ ಮನೆಯಲ್ಲಿ ಸ್ಪೈಕ್ ಎಂಬ ಕಪ್ಪು ಬಿಳುಪು ನಾಯಿಯಿತ್ತು. ಗುಂಡುಸೂಜಿ, ಬ್ಲೇಡು ಏನು ಸಿಕ್ಕರೂ ನುಂಗುತ್ತಿತ್ತಂತೆ. ಅದರ ಚಿತ್ರ ಬರೆದು ಹುಡುಗ 'ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್' ಅಂಕಣಕ್ಕೆ ಕಳಿಸಿದ. 1937ರಲ್ಲಿ ಅದು ಅಚ್ಚಾಯಿತು. ಶುಲ್ಜ್ ಅವರ ಚಿತ್ರವೊಂದು ದೇಶದ ಪತ್ರಿಕೆಗಳಲ್ಲಿ ಬಂದದ್ದು ಅದೇ ಮೊದಲು. ಅದೇ ಹುಡುಗ ಹೈಸ್ಕೂಲಿನ ವಾರ್ಷಿಕ ಸಂಚಿಕೆಗೆ ಕೊಟ್ಟ ಚಿತ್ರಗಳನ್ನು ಸಂಪಾದಕರು ಹಾಕಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1943ರಲ್ಲಿ ಶುಲ್ಜ್ ಸೈನ್ಯಕ್ಕೆ ಸೇರಿದ ದಿನಗಳಲ್ಲೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಮನೆಗೆ ಇನ್ನೊಂದು ನಾಯಿ ತಂದರೆ ಸ್ನೂಪಿ ಅಂತ ಹೆಸರಿಡೋಣ ಎಂದು ಅವರು ಹಿಂದೆ ಹೇಳಿದ್ದರು. ಕಾಮಿಕ್ಸಿನ ನಾಯಿಗೆ ಶುಲ್ಜ್ ಮೊದಲು ಯೋಚಿಸಿದ್ದ ಹೆಸರು ಸ್ನಿಫಿ. ಆ ಹೆಸರಿನ ನಾಯಿ ಆಗಲೇ ಬೇರೊಂದು ಕಾಮಿಕ್ಸಿನಲ್ಲಿ ಇದೆ ಅಂತ ಗೊತ್ತಾದಾಗ ತಾಯಿಯ ಮಾತು ನೆನಪಾಯಿತು. ಇವತ್ತು ಕೋಟ್ಯಂತರ ಡಾಲರ್ ಬೆಲೆ ಬಾಳುವ ಆ ಹೆಸರು ಬಂದದ್ದು ಹಾಗೆ.

ಆ ಕಾಮಿಕ್ಸ್ 'ಪೀನಟ್ಸ್' 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾಯಿತು. 'ಪೀನಟ್ಸ್' ಎಂಬ ಹೆಸರನ್ನು ಇಟ್ಟದ್ದು ಹಂಚಿಕೆ ಮಾಡುವ ಸಿಂಡಿಕೇಟ್. ಶುಲ್ಜ್‌ಗೆ ಅದು ಸಾಯುವವರೆಗೂ ಇಷ್ಟವಾಗಲಿಲ್ಲ. ನಾಯಕ ಚಾರ್ಲಿ ಬ್ರೌನ್, ಗುಂಡು ತಲೆಯ ಹುಡುಗ. ಅವನ ಬೇಸ್‌ಬಾಲ್ ತಂಡ ಸೋಲುವುದೇ ರೂಢಿ, ಅವನ ಗಾಳಿಪಟವನ್ನು ಮರ ತಿನ್ನುತ್ತದೆ, ಇಷ್ಟಪಟ್ಟ ಹುಡುಗಿಯ ಜತೆ ಮಾತಾಡಲು ಧೈರ್ಯ ಸಾಲದು. ಮೊದಲ ದಿನದ ಕಾಮಿಕ್ಸಿನಲ್ಲೇ ಅವನ ಓರಗೆಯ ಹುಡುಗನೊಬ್ಬ ಅವನನ್ನು ಹೊಗಳುತ್ತ ಹೊಗಳುತ್ತ, ಕೊನೆಯ ಚೌಕದಲ್ಲಿ ಅವನನ್ನು ಕಂಡರಾಗದು ಎಂದುಬಿಡುತ್ತಾನೆ. ಮಕ್ಕಳ ಕಾಮಿಕ್ಸ್ ಶುರುವಾಗುವ ರೀತಿಯೇ ಇದು?

ಅಕ್ಟೋಬರ್ 4ರಂದು, ಅಂದರೆ ಮೂರನೇ ದಿನ, ನಾಯಿ ಬಂದ. ಆಗ ಅವನು ಬರೀ ನಾಯಿ. ನಾಲ್ಕು ಕಾಲಲ್ಲಿ ನಡೆಯುತ್ತಿದ್ದ, ಬಾಲ ಅಲ್ಲಾಡಿಸುತ್ತಿದ್ದ, ಬೊಗಳುತ್ತಿದ್ದ. 1952ರಲ್ಲಿ ಅವನ ತಲೆಯ ಮೇಲೆ ಮೊದಲ ಯೋಚನೆಯ ಗುಳ್ಳೆ ಕಾಣಿಸಿಕೊಂಡಿತು. ಐವತ್ತರ ದಶಕದ ಮಧ್ಯದಲ್ಲಿ ಎರಡು ಕಾಲ ಮೇಲೆ ನಿಂತ. 1958ರ ಡಿಸೆಂಬರಿನಲ್ಲಿ ಗೂಡಿನ ಚಾವಣಿಯ ಮೇಲೆ ಮಲಗಿದ. ನನ್ನ ಪ್ರಕಾರ ಅಸಲಿ ಸ್ನೂಪಿ ಹುಟ್ಟಿದ್ದು ಅವತ್ತು. ಚೂಪಾದ ಚಾವಣಿಯ ಮೇಲೆ ಬೆನ್ನು ಹಾಕಿ ಮಲಗಲು ಯಾವ ನಾಯಿಗೂ ಆಗದು. ಆಗದ್ದನ್ನು ಆಗುತ್ತದೆ ಅಂತ ನಂಬಿದವನಿಗೆ ಆ ಮೇಲೆ ಏನೇನೆಲ್ಲ ಸಾಧ್ಯವಾಯಿತು ನೋಡಿ. 1965ರಲ್ಲಿ ಗೂಡೇ ವಿಮಾನವಾಯಿತು, ಅವನು ಮೊದಲ ಮಹಾಯುದ್ಧದ ಪೈಲಟ್ ಆಗಿ ರೆಡ್ ಬ್ಯಾರನ್ ವಿರುದ್ಧ ಹೊರಟ. 1969ರಲ್ಲಿ ಅದೇ ಚಾವಣಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕಾದಂಬರಿಕಾರನಾದ. 1971ರಲ್ಲಿ ಕಪ್ಪು ಕನ್ನಡಕ ಹಾಕಿ ಕಾಲೇಜಿನ ಗೋಡೆಗೆ ಒರಗಿ ನಿಂತ 'ಜೋ ಕೂಲ್' ಆದ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ವೇಷಗಳಲ್ಲಿ ಅವನು ಗೆಲ್ಲುವುದು ತೀರಾ ಅಪರೂಪ. ರೆಡ್ ಬ್ಯಾರನ್ ನಿಜಕ್ಕೂ ಇದ್ದ ಜರ್ಮನ್ ಪೈಲಟ್, ಮ್ಯಾನ್‌ಫ್ರೆಡ್ ಫಾನ್ ರಿಚ್ಟ್‌ಹೋಫೆನ್, 80 ವಿಮಾನಗಳನ್ನು ಹೊಡೆದುರುಳಿಸಿದವನು. ಅವನ ಎದುರು ಹೊರಟ ಸ್ನೂಪಿಯ ಗೂಡು ಗುಂಡಿನ ತೂತುಗಳಿಂದ ಜರಡಿಯಾಗುತ್ತದೆ, ಹೊಗೆ ಬರುತ್ತದೆ, ಅವನು ಮುಷ್ಟಿ ಎತ್ತಿ ಶಪಿಸುತ್ತಾನೆ. ಕಾದಂಬರಿಯ ಕಥೆ ಇನ್ನೂ ಚೆನ್ನಾಗಿದೆ. ಹಸ್ತಪ್ರತಿಯನ್ನು ಅಂಚೆಗೆ ಹಾಕುತ್ತಾನೆ, ಪ್ರಕಾಶಕರಿಂದ ತಿರಸ್ಕಾರದ ಪತ್ರ ಬರುತ್ತದೆ. ಮತ್ತೆ ಹಾಕುತ್ತಾನೆ, ಮತ್ತೆ ಬರುತ್ತದೆ. ಒಂದಕ್ಕಿಂತ ಒಂದು ಕಟುವಾದ ಪತ್ರಗಳು. ವಾರ್ಷಿಕ ಸಂಚಿಕೆಯಲ್ಲಿ ಚಿತ್ರ ಬಾರದ ಹುಡುಗನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ನಾನು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವಳು. ನನ್ನ ಇನ್‌ಬಾಕ್ಸಿನಲ್ಲಿ 'ವಿಷಾದಿಸುತ್ತೇವೆ' ಎಂಬ ಮೇಲ್‌ಗಳು ಸದ್ಯಕ್ಕೆ ಹನ್ನೊಂದು. ಉತ್ತರವನ್ನೇ ಕೊಡದವರ ಲೆಕ್ಕ ಇಟ್ಟಿಲ್ಲ. ಇಂಥ ಮೇಲ್ ಬಂದ ದಿನ ಗೆಳತಿಯರು ನನಗೆ ಕಳಿಸುವುದು ಕುಣಿಯುವ ಸ್ನೂಪಿಯ ಸ್ಟಿಕರ್. ಅವರ ಪ್ರೀತಿ ದೊಡ್ಡದು. ಆದರೆ ನನಗೆ ಅವತ್ತು ಬೇಕಾಗಿರುವುದು ಅಂಚೆಪೆಟ್ಟಿಗೆಯ ಮುಂದೆ ನಿಂತು ತಿರಸ್ಕಾರದ ಪತ್ರ ಓದುವ ಸ್ನೂಪಿ. ಆ ಸ್ಟಿಕರ್ ಇದೆಯೇ ಅಂತ ಹುಡುಕಿದೆ. ನನಗೆ ಸಿಕ್ಕಿದ ಪ್ಯಾಕ್‌ಗಳಲ್ಲಿ ಕುಣಿತ, ಅಪ್ಪುಗೆ, ನಿದ್ದೆ, ಕುಕ್ಕೀಸ್ ಇದ್ದವು, ಅದೊಂದು ಇರಲಿಲ್ಲ.

ಹೀಗಾದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. 1958ರಲ್ಲಿ ಪ್ಲಾಸ್ಟಿಕ್ ಗೊಂಬೆಗಳು ಬಂದವು. 1960ರ ಹೊತ್ತಿಗೆ ಹಾಲ್‌ಮಾರ್ಕ್ ಗ್ರೀಟಿಂಗ್ ಕಾರ್ಡ್, ಫೋರ್ಡ್ ಕಂಪನಿಯ ಫಾಲ್ಕನ್ ಕಾರಿನ ಜಾಹೀರಾತು. ಪೀನಟ್ಸ್ ಪಾತ್ರಗಳು ಮೊದಲು ಪರದೆಯ ಮೇಲೆ ಓಡಾಡಿದ್ದೇ ಆ ಕಾರು ಮಾರಲು. ಅದಕ್ಕೆ ಕೆಲಸ ಮಾಡಿದ ಬಿಲ್ ಮೆಲೆಂಡೆಜ್ 1965ರಲ್ಲಿ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ನಿರ್ದೇಶಿಸಿದರು. ಕ್ರಿಸ್‌ಮಸ್ ವ್ಯಾಪಾರವಾಗಿಬಿಟ್ಟಿದೆ ಅಂತ ಬೇಸರಪಡುವ ಹುಡುಗನ ಕಥೆ ಅದು, ಪ್ರಾಯೋಜಕರು ಕೋಕಾಕೋಲ! ತಮಾಷೆಯೆಂದರೆ ಕಾರ್ಯಕ್ರಮ ಇವತ್ತಿಗೂ ನೋಡಿಸಿಕೊಳ್ಳುತ್ತದೆ. ವಿನ್ಸ್ ಗ್ವರಾಲ್ಡಿ ಅವರ ಜಾಜ್ ಪಿಯಾನೋ ಅದಕ್ಕೆ ಅರ್ಧ ಕಾರಣ. ಸ್ನೂಪಿಗೆ ಮಾತಿಲ್ಲ; ಮೆಲೆಂಡೆಜ್ ತಾವೇ ಅರ್ಥವಿಲ್ಲದ ಶಬ್ದಗಳನ್ನು ಹೇಳಿ, ಧ್ವನಿಮುದ್ರಿಕೆಯನ್ನು ವೇಗವಾಗಿ ಓಡಿಸಿ ಅವನ ದನಿ ಮಾಡಿದರು.

1962ರಲ್ಲಿ 'ಹ್ಯಾಪಿನೆಸ್ ಈಸ್ ಎ ವಾರ್ಮ್ ಪಪ್ಪಿ' ಎಂಬ ಪುಟ್ಟ ಪುಸ್ತಕ ಬಂದು ಭರ್ಜರಿಯಾಗಿ ಮಾರಾಟವಾಯಿತು. ನನಗನ್ನಿಸುವಂತೆ ತಿರುವು ಅದೇ. ಸೋಲುವ ಹುಡುಗನಿಗಿಂತ ಬೆಚ್ಚಗಿನ ನಾಯಿಮರಿ ಚೆನ್ನಾಗಿ ಮಾರಾಟವಾಗುತ್ತದೆ ಅಂತ ಮಾರುಕಟ್ಟೆಗೆ ಗೊತ್ತಾಯಿತು. ಮುಂದೆ ಬಟ್ಟೆ, ಗಡಿಯಾರ, ಥೀಮ್ ಪಾರ್ಕ್. 1985ರಿಂದ 2016ರವರೆಗೆ, 31 ವರ್ಷ ಅವನು ಮೆಟ್‌ಲೈಫ್ ವಿಮಾ ಕಂಪನಿಯ ಮುಖ. ಸಾವು, ಅಪಘಾತ, ಪಾಲಿಸಿ ಅಂತ ಮಾತಾಡುವವರಿಗೆ ಜನ ಹೆದರದಿರಲಿ ಅಂತ ನಾಯಿಯನ್ನು ಮುಂದೆ ನಿಲ್ಲಿಸಿದ್ದು. ಪೈಲಟ್ ಆಗಿದ್ದವನನ್ನು ಗಾಳಿಗುಮ್ಮಟಗಳ ಮೇಲೆ ಅಂಟಿಸಿ ಕ್ರೀಡಾಂಗಣಗಳ ಮೇಲೆ ಹಾರಿಸಿದರು. ರೆಡ್ ಬ್ಯಾರನ್ ಮಾತ್ರ ಅಲ್ಲಿಲ್ಲ.

ಜಪಾನಿನಲ್ಲಿ ಅವನು ಬೇರೆಯೇ ಮಟ್ಟದ ತಾರೆ. ಟೋಕಿಯೊದಲ್ಲಿ 2016ರಲ್ಲಿ ಅವನದೇ ಮ್ಯೂಸಿಯಂ ಶುರುವಾಯಿತು, 2018ರಲ್ಲಿ ಸೋನಿಯ ಸಂಗೀತ ಸಂಸ್ಥೆ ಪೀನಟ್ಸ್‌ನ 39 ಶೇಕಡಾ ಪಾಲನ್ನು 18.5 ಕೋಟಿ ಡಾಲರಿಗೆ ಕೊಂಡಿತು. ನನಗೆ ಅದಕ್ಕಿಂತ ಇಷ್ಟವಾದ ಸುದ್ದಿಯೆಂದರೆ ಪೀನಟ್ಸ್ ಅನ್ನು ಜಪಾನಿ ಭಾಷೆಗೆ ತಂದವರು ಅಲ್ಲಿನ ದೊಡ್ಡ ಕವಿ ಶುಂತಾರೊ ತಾನಿಕಾವ. ನಮ್ಮಲ್ಲಿ ಹೆಸರಾಂತ ಕವಿಯೊಬ್ಬರು ಕಾಮಿಕ್ಸ್ ಅನುವಾದಕ್ಕೆ ಕೂತರೆ 'ಏನಾಯ್ತು ಇವರಿಗೆ' ಅನ್ನುತ್ತೇವೇನೋ! ಅಲ್ಲಿ ಓದುವುದೂ ಕೊಳ್ಳುವುದೂ ಒಟ್ಟಿಗೇ ನಡೆಯಿತು. ನಮಗೆ ಬಂದದ್ದು ಬಟ್ಟೆ ಮಾತ್ರ.

ಹಾಗಂತ ಶುಲ್ಜ್ ತಮ್ಮನ್ನು ಮಾರಿಕೊಂಡರು ಅನ್ನುವ ಹಳೆಯ ಟೀಕೆಯನ್ನು ನಾನು ಒಪ್ಪುವುದಿಲ್ಲ. ಆ ಟೀಕೆ ಮಾಡುವವರು ಸಾಮಾನ್ಯವಾಗಿ ಬಿಲ್ ವಾಟರ್ಸನ್ ಅವರನ್ನು ಎದುರಿಗಿಡುತ್ತಾರೆ. 'ಕ್ಯಾಲ್ವಿನ್ ಆ್ಯಂಡ್ ಹಾಬ್ಸ್' ಬರೆದ ವಾಟರ್ಸನ್ ಗೊಂಬೆ, ಟೀಶರ್ಟ್ ಯಾವುದಕ್ಕೂ ಒಪ್ಪದೆ ಸಿಂಡಿಕೇಟ್ ಜತೆ ವರ್ಷಗಟ್ಟಲೆ ಹೋರಾಡಿದರು, ಹತ್ತು ವರ್ಷ ಬರೆದು 1995ರಲ್ಲಿ ನಿಲ್ಲಿಸಿದರು. ದೊಡ್ಡ ಮಾತು. ಆದರೆ ಶುಲ್ಜ್ ಅವರದೂ ಒಂದು ಹಟವಿತ್ತು. ಸುಮಾರು ಐವತ್ತು ವರ್ಷ, 17,897 ಕಾಮಿಕ್ಸ್, ಒಂದೊಂದನ್ನೂ ತಾವೇ ಯೋಚಿಸಿ, ತಾವೇ ಬರೆದು, ಒಳಗಿನ ಅಕ್ಷರವನ್ನೂ ತಾವೇ ತುಂಬಿದರು. ನಡುವೆ ತೆಗೆದುಕೊಂಡ ಬಿಡುವು 1997ರ ಐದು ವಾರ ಮಾತ್ರ. ತಮ್ಮ ನಂತರ ಬೇರೆ ಯಾರೂ ಹೊಸ ಕಾಮಿಕ್ಸ್ ಬರೆಯಕೂಡದು ಎಂದು ಖಚಿತಪಡಿಸಿದರು. ಕೊನೆಯ ಭಾನುವಾರದ ಕಾಮಿಕ್ಸ್ 2000ದ ಫೆಬ್ರುವರಿ 13ರಂದು ಅಚ್ಚಾಯಿತು. ಅವರು ಹಿಂದಿನ ರಾತ್ರಿಯಷ್ಟೇ ತೀರಿಕೊಂಡಿದ್ದರು. ಗೊಂಬೆ ಯಾರು ಬೇಕಾದರೂ ಮಾಡಿಕೊಳ್ಳಲಿ, ಗೆರೆ ಮಾತ್ರ ನನ್ನದು ಅನ್ನುವ ಈ ನಿಲುವು ನನಗೆ ಅರ್ಥವಾಗುತ್ತದೆ.

ಆ ಗೆರೆಯ ಬಗ್ಗೆ ಇನ್ನೊಂದು ಮಾತು. 1981ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಶುಲ್ಜ್ ಅವರ ಕೈ ನಡುಗಲು ಶುರುವಾಯಿತು. ಕೊನೆಯ ವರ್ಷಗಳ ಸ್ನೂಪಿಯನ್ನು ನೋಡಿ, ಬೆನ್ನಿನ ಗೆರೆ ಅಲೆಯಲೆಯಾಗಿದೆ. ಮುಚ್ಚಿಡುವ ಪ್ರಯತ್ನವನ್ನೂ ಮಾಡಿಲ್ಲ. ನಮ್ಮ ಮಗ್‌ಗಳ ಮೇಲಿನ ಸ್ನೂಪಿಯ ಗೆರೆ ಎಲ್ಲೂ ನಡುಗುವುದಿಲ್ಲ.

ಸರಕಾಗಿಯೂ ಸ್ನೂಪಿ ತನ್ನತನ ಉಳಿಸಿಕೊಂಡ ಒಂದು ಜಾಗವಿದೆ, ಅದು ನಾಸಾ. 1967ರ ಜನವರಿಯಲ್ಲಿ ಅಪೊಲೊ 1ರ ಬೆಂಕಿಯಲ್ಲಿ ಮೂವರು ಗಗನಯಾತ್ರಿಗಳು ಸತ್ತರು. ಆ ಆಘಾತದ ನಂತರ ಸುರಕ್ಷತೆಯನ್ನು ಕೆಲಸಗಾರರ ಮನಸ್ಸಿಗೆ ಮುಟ್ಟಿಸಲು ನಾಸಾ ಆರಿಸಿಕೊಂಡದ್ದು ಈ ನಾಯಿಯನ್ನು. 1968ರಿಂದ ಕೊಡುತ್ತಿರುವ 'ಸಿಲ್ವರ್ ಸ್ನೂಪಿ' ಎಂಬ ಸಣ್ಣ ಬೆಳ್ಳಿ ಪಿನ್ ಬಾಹ್ಯಾಕಾಶಕ್ಕೆ ಹೋಗಿಬಂದಿರುತ್ತದೆ. ಯಾನಿಗಳೇ ಅದನ್ನು ಎಂಜಿನಿಯರ್‌ಗಳಿಗೆ, ತಂತ್ರಜ್ಞರಿಗೆ ಚುಚ್ಚುತ್ತಾರೆ. ಅಂಗಡಿಯಲ್ಲಿ ಸಿಗದ ಸ್ನೂಪಿ ಅದೊಂದೇ.

1969ರ ಮೇ ತಿಂಗಳ ಅಪೊಲೊ 10 ಯಾನದಲ್ಲಿ ಮುಖ್ಯ ನೌಕೆಯ ಹೆಸರು ಚಾರ್ಲಿ ಬ್ರೌನ್, ಚಂದ್ರನತ್ತ ಇಳಿಯುವ ನೌಕೆ ಸ್ನೂಪಿ. ಚಾರ್ಲಿ ಬ್ರೌನ್ ಎಂದಿನಂತೆ ಮೇಲೆ ಕಾಯುತ್ತ ಸುತ್ತಿದ. ಸ್ನೂಪಿ ಚಂದ್ರನಿಂದ ಸುಮಾರು 15 ಕಿಲೋಮೀಟರ್ ಎತ್ತರದವರೆಗೆ ಇಳಿದು, ಇಳಿಯದೆ ವಾಪಸಾದ. ಇಳಿಯುವುದು ಯೋಜನೆಯಲ್ಲೇ ಇರಲಿಲ್ಲ, ಅದು ತಾಲೀಮು. ಎರಡು ತಿಂಗಳ ನಂತರ ಅಪೊಲೊ 11 ಇಳಿದು ಹೆಸರು ಮಾಡಿತು. 2022ರಲ್ಲಿ ಆರ್ಟೆಮಿಸ್ 1 ಹೊರಟಾಗಲೂ ಒಳಗೊಂದು ಸ್ನೂಪಿ ಗೊಂಬೆ ತೇಲುತ್ತಿತ್ತು. ಮತ್ತೆ ಚಂದ್ರನ ಸುತ್ತ ಹೋಗಿಬಂದ, ಮತ್ತೆ ಇಳಿಯಲಿಲ್ಲ. ಇದಕ್ಕಿಂತ ಸ್ನೂಪಿತನ ಬೇರೆ ಏನಿದೆ?

ಟೀಶರ್ಟ್ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಬಳಿಯೂ ಒಂದಿದೆ, ತೋಳು ಸ್ವಲ್ಪ ಹರಿದಿದೆ. ಆದರೆ 2004ರಿಂದ 2016ರ ನಡುವೆ 'ದಿ ಕಂಪ್ಲೀಟ್ ಪೀನಟ್ಸ್' 26 ಸಂಪುಟಗಳಲ್ಲಿ ಬಂದಿದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದಾದರೂ ತರಿಸಿ ಎಂದು ಅರ್ಜಿ ಬರೆಯಿರಿ. ಐವತ್ತರ ದಶಕದ ಪುಟಗಳಲ್ಲಿ ನಾಯಿ ಇನ್ನೂ ನಾಯಿಯಾಗಿಯೇ ಇದ್ದಾನೆ, ಅವಸರವಿದ್ದರೆ ಎಪ್ಪತ್ತರ ದಶಕದ ಸಂಪುಟದಿಂದ ಶುರುಮಾಡಿ. ಕಾದಂಬರಿಕಾರ ಅಲ್ಲಿ ಸಿಗುತ್ತಾನೆ. ಪ್ರಕಾಶಕರ ಪತ್ರ ಓದಿ ಮುಗಿಸಿದ ಮೇಲೆ ಅವನು ಏನು ಮಾಡುತ್ತಾನೆ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ. ನನ್ನದು ಹನ್ನೆರಡನೆಯ ಅರ್ಜಿ ಅರ್ಧಕ್ಕೆ ನಿಂತಿದೆ, ಹೋಗಿ ಮುಗಿಸಬೇಕು.